ಉರಿಹಾವಿನ ಗುಹೆಯ ಲೋಹದ ನಾಲಿಗೆ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲ. ಉರಿಗಿರಿ ಎಂಬ ರಾಜ್ಯದ ಗುಹೆಯೊಂದರಲ್ಲಿ ಮಾಟಗಾರ ಭಸ್ಮಾಕ್ಷ ಸಾಕಿದ ಉರಿಹಾವು ಮಲಗಿತ್ತು. ಗುಹೆಯ ಬಾಯಲ್ಲೊಂದು ಕೊಳಲು. ಅದರೊಳಗೆ ಕೂದಲಷ್ಟು ತೆಳುವಾದ ಲೋಹದ ನಾಲಿಗೆ. ಹಾವಿನ ಬಿಸಿಯುಸಿರು ತಾಗಿ ನಾಲಿಗೆ ಮಿಡಿಯುತ್ತಿತ್ತು, ಕೊಳಲು ಹಾಡುತ್ತಿತ್ತು, ಆ ಹಾಡಿಗೆ ಹಾವು ನಿದ್ದೆಹೋಗುತ್ತಿತ್ತು.

ಒಂದು ದಿನ ನಾಲಿಗೆ ಮುರಿಯಿತು. ಹಾವು ಎದ್ದರೆ ಊರು ಬೂದಿ. ರಾಜ ತನ್ನ ಆಸ್ಥಾನದ ಲೋಹಗಾರ ಮೌನಾಚಾರಿಯನ್ನು ಕರೆಸಿದ.

ಬಿಸಿ ತಾಳುತ್ತದೋ ಎಂದು ನೋಡಲು ಮೌನಾಚಾರಿ ಹೆಬ್ಬೆರಳು ದಪ್ಪದ ಚಿನ್ನದ ಸರಳನ್ನು ಕುಲುಮೆಗಿಟ್ಟು ತೆಗೆದ. ಬಾಗಲಿಲ್ಲ. "ಸಾಕು" ಎಂದ.

ಪಾತ್ರೆಗಳ ತೂತು ಮುಚ್ಚುವ ಗಂಗವ್ವ ಬಾಗಿಲಲ್ಲಿ ನಿಂತಿದ್ದಳು. "ಎಷ್ಟು ತೆಳು ಬಳಸ್ತೀರೋ ಅಷ್ಟೇ ತೆಳು ಮಾಡಿ ಸುಟ್ಟು ನೋಡ್ರಿ, ಆಚಾರ್ರೇ."

"ಇದು ಸಾರಿನ ಪಾತ್ರೆ ಅಲ್ಲವ್ವ."

ಕುಲುಮೆಮನೆ ಗೊಳ್ಳೆಂದು ನಕ್ಕಿತು.

ಕೊಳಲಿಗೆ ಕೂರಿಸಿದ ಚಿನ್ನದ ನಾಲಿಗೆ ಹಾವಿನ ಉಸಿರಿಗೆ ಮೇಣದಂತೆ ಇಳಿಯಿತು. ಹಾವು ಒಂದು ಕಣ್ಣು ತೆರೆಯಿತು.

"ಏನಾಯ್ತು, ಆಚಾರ್ರೇ?" ಎಂದ ರಾಜ.

"ಇದ್ದಿಲು ಕೆಟ್ಟದಿತ್ತು, ಪ್ರಭು."

ಎರಡನೆಯದು ಉಕ್ಕು. ಮತ್ತೆ ದಪ್ಪ ಸರಳನ್ನೇ ಸುಟ್ಟ. ಮತ್ತೆ "ಸಾಕು" ಎಂದ. ಉಕ್ಕಿನ ನಾಲಿಗೆ ಅರ್ಧ ದಿನ ಹಾಡಿತು. ಆಮೇಲೆ ಕೆಂಪಗಾಗಿ ಜೋತುಬಿತ್ತು. ಹಾವು ಎರಡನೇ ಕಣ್ಣೂ ತೆರೆಯಿತು. ಆಗ ಗಂಗವ್ವ ಓಡಿಹೋಗಿ, ಬರಿಗೈಯಲ್ಲಿ ನಾಲಿಗೆಯನ್ನು ಎತ್ತಿಹಿಡಿದು ನಿಂತಳು. ಕೊಳಲು ಮತ್ತೆ ಹಾಡಿ ಹಾವಿನ ಕಣ್ಣು ಮುಚ್ಚುವ ತನಕ ಬಿಡಲಿಲ್ಲ. ಅಂಗೈ ಸುಟ್ಟುಹೋಯಿತು.

"ಏನಾಯ್ತು?" ಎಂದ ರಾಜ.

ಗಾಳಿ ತಿರುಗಿತು ಎಂಬ ಮಾತು ಮೌನಾಚಾರಿಯ ಬಾಯಿಗೆ ಬಂದಿತ್ತು. ಗಂಗವ್ವನ ಕೈ ನೋಡಿದ. ಮಾತು ನುಂಗಿದ.

"ತಪ್ಪು ನನ್ನದು, ಪ್ರಭು. ಎರಡು ಸಲವೂ ದಪ್ಪ ಸರಳು ಸುಟ್ಟೆ. ಕಾವು ಒಳಗಿಳಿಯೋ ಮೊದಲೇ ತೆಗೆದೆ. ತೆಳುವಾದ್ದನ್ನು ಸುಡಲೇ ಇಲ್ಲ. ಈಕೆ ಹೇಳಿದ್ದಳು. ನಾನು ನಾಲ್ಕು ಜನರ ಮುಂದೆ ಈಕೆಯನ್ನು ನಗೆಪಾಟಲು ಮಾಡಿದೆ."

ಈ ಸಲ ಯಾರೂ ನಗಲಿಲ್ಲ.

ಮೂರನೇ ಸಲ ಸಿಕ್ಕ ಲೋಹವನ್ನೆಲ್ಲ ಒಂದೇ ತೆಳುವಿಗೆ ಬಡಿದು, ಗಂಗವ್ವನ ಎದುರೇ ಕುಲುಮೆಗಿಟ್ಟ. ತಾಮ್ರ ಬಾಗಿತು. ಬೆಳ್ಳಿ ಕರಗಿತು. ಗಂಗವ್ವ ಪಾತ್ರೆ ಬಡಿಯಲು ಅಡಿಗಿಡುತ್ತಿದ್ದ, ಆಕಾಶದಿಂದ ಬಿದ್ದ ಬೂದುಬಣ್ಣದ ಲೋಹದ ಗಟ್ಟಿಯಿಂದ ತೆಗೆದ ಎಳೆ ಮಾತ್ರ ಏಳು ಹಗಲು ನೆಟ್ಟಗೆ ನಿಂತಿತು. ಅದಕ್ಕೆ ಹೊಳಪೇ ಇರಲಿಲ್ಲ.

ಅದನ್ನೇ ನಾಲಿಗೆ ಮಾಡಿ ಕೂರಿಸಿದಾಗ ಕೊಳಲು ಹಾಡಿತು. ನಿಲ್ಲದ ಆ ಹಾಡಿಗೆ ಹಾವು ಮಲಗಿದಲ್ಲೇ ಕಲ್ಲಾಯಿತು, ಅದರ ಉರಿಯಿಂದಲೇ ಬದುಕಿದ್ದ ಭಸ್ಮಾಕ್ಷ ಬೂದಿಯಾದ. ಉರಿಗಿರಿಯ ಜನ ಉಂಡುಟ್ಟು ಸುಖವಾಗಿದ್ದರು.

ಜೋತುಬಿದ್ದ ಉಕ್ಕಿನ ನಾಲಿಗೆಯನ್ನು ಮೌನಾಚಾರಿ ಕುಲುಮೆಯ ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕಿದ. ಕೇಳಿದವರಿಗೆಲ್ಲ ನಡೆದದ್ದನ್ನು ತಲೆ ತಗ್ಗಿಸಿ ಹೇಳುತ್ತಿದ್ದ.

"ಇನ್ನಾದ್ರೂ ಸಾಕು ಮಾಡ್ರಿ, ಕೈ ವಾಸಿ ಆಗೇತಿ" ಎನ್ನುತ್ತಿದ್ದಳು ಗಂಗವ್ವ.

ಹೂಂ ಎನ್ನುತ್ತಿದ್ದ. ಮುಂದೆ ಬಂದವನಿಗೂ ಹೇಳುತ್ತಿದ್ದ.