ಕತ್ತು ಮುರಿದ ಗಾಡಿ

ಈ ಗಾಡಿ ಮುರಿಯುತ್ತದೆ ಅಂತ ನನಗೆ ಗೊತ್ತಿತ್ತು.

ಎಲ್ಲಿ ಮುರಿಯುತ್ತದೆ ಅಂತಲೂ ಗೊತ್ತಿತ್ತು. ಪೆಟ್ರೋಲ್ ಟ್ಯಾಂಕಿನ ಮುಂದೆ, ಹ್ಯಾಂಡಲ್ ಚಾಸಿ ಚೌಕಟ್ಟಿಗೆ ಸೇರುವ ಕತ್ತಿನಲ್ಲಿ.

ಯಾವಾಗ ಅನ್ನುವುದು ಮಾತ್ರ ಗೊತ್ತಿರಲಿಲ್ಲ!

ಹಿಂದೆ ಜೀಪು... ಮೂವತ್ತು ಗಜ ದೂರದಲ್ಲಿ. ಎಡಕ್ಕೆ ನೀರು ಬಿಡುವುದು ನಿಂತು ಒಣಗಿದ್ದ ಕಾಲುವೆ. ಬಲಕ್ಕೆ ಎರೆ ಹೊಲ, ಏಪ್ರಿಲ್ ಬಿಸಿಲಿಗೆ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ನಡುವೆ ಕಾಲುವೆಯ ದಂಡೆ. ಅದರ ಮೇಲೆ ನಾನು.

ಪ್ರತಿ ಗುಂಡಿಗೂ ಟ್ಯಾಂಕಿನ ಕೆಳಗೆ ‘ಕಟ್’ ಅನ್ನುತ್ತಿತ್ತು.

ಜೀಪಿನಲ್ಲಿ ಇಬ್ಬರು. ಒಬ್ಬ ನನ್ನನ್ನು ಮುಗಿಸಲು ಬರುತ್ತಿದ್ದ. ಇನ್ನೊಬ್ಬನ ಜೀವ ಉಳಿಸಲು ನಾನು ಓಡುತ್ತಿದ್ದೆ. ಇಬ್ಬರೂ ಸೇರಿ ನನ್ನ ತಾಯಿಗೆ ಬೈಯುತ್ತಿದ್ದರು!

ಸಿಟ್ಟು ಬರುವುದಿಲ್ಲವೇ? ನೀವೇ ಹೇಳಿ.

ತಾಳಿ. ಮೊದಲಿನಿಂದ ಹೇಳುತ್ತೇನೆ.

ನನ್ನ ಹೆಸರು ಜಡೆಪ್ಪ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಮೆಟ್ಟಿಲ ಕೆಳಗೊಂದು ಕೋಣೆ. ಒಂದು ಟೇಬಲ್, ಎರಡು ಕುರ್ಚಿ, ತಿರುಗದ ಒಂದು ಫ್ಯಾನು. ಹನ್ನೆರಡು ವರ್ಷ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವನು ನಾನು. ಈಗ ಬಿದ್ದ ಗಾಡಿ ನೋಡಿ, ಯಾಕೆ ಬಿತ್ತು ಅಂತ ಹೇಳುವುದು ನನ್ನ ಕಸುಬು. ವಕೀಲರು ಕರೆಯುತ್ತಾರೆ. ವಿಮೆಯವರು ಕರೆಯುತ್ತಾರೆ. ಸುಳ್ಳು ಹೇಳಿಸಲಿಕ್ಕೂ ಕೆಲವರು ಬರುತ್ತಾರೆ.

ಅವರಿಗೆ ಕುರ್ಚಿ ಕೊಡುವುದಿಲ್ಲ.

ಎಂಬತ್ತನಾಲ್ಕನೇ ಇಸವಿ. ಒಂದು ಗುರುವಾರ ಬೆಳಿಗ್ಗೆ ಸಿರುಗುಪ್ಪದಿಂದ ಒಬ್ಬ ಹೆಣ್ಣುಮಗಳು ಬಂದಳು. ವಿರೂಪಮ್ಮ. ಮೂವತ್ತು ದಾಟಿರಲಿಲ್ಲ. ಕೂತವಳು ಅಳಲಿಲ್ಲ. ಅಳುವುದನ್ನು ಮುಗಿಸಿಕೊಂಡೇ ಬಂದಿದ್ದಳು.

“ನನ್ನ ಗಂಡ ಅಯ್ಯಣ್ಣ ಲೈನ್‌ಮನ್ ಇದ್ರು ರಿ. ಇಪ್ಪತ್ತು ದಿನದ ಹಿಂದ ಕಾಲುವಿ ದಂಡಿ ಮ್ಯಾಲ ಬಿದ್ದು ಸತ್ರು. ಕುಡಿದು ಬಿದ್ದಾನ ಅಂತ ಬರದಾರ.”

“ಕುಡೀತಿದ್ರಾ?”

“ಒಂದು ತೊಟ್ಟೂ ಇಲ್ಲ! ಕಂಬ ಹತ್ತೋ ಮನಶ್ಯಾ. ಕುಡಿದು ಕಂಬ ಹತ್ತಿದ್ರ ಎಂದೋ ಸಾಯ್ತಿದ್ರು.”

ಮಾತು ಸರಿಯಾಗಿತ್ತು.

ಗಾಡಿ ಯಾವುದು ಅಂತ ಕೇಳಿದೆ. ಹಳೆಯ ಡರ್ಟ್ ಬೈಕು. ಅಂದರೆ ಡರ್ಟ್ ಬೈಕ್ ಆಗಿ ಹುಟ್ಟಿದ್ದಲ್ಲ. ರೋಡಿನ ಮೋಟಾರ್ ಸೈಕಲ್ಲಿಗೆ ಮಡ್‌ಗಾರ್ಡ್ ಎತ್ತರಿಸಿ, ಸೈಲೆನ್ಸರ್ ಮೇಲಕ್ಕೆ ಕಟ್ಟಿ, ಉಬ್ಬುಬ್ಬು ಹಲ್ಲಿನ ಟೈರು ಹಾಕಿ, ಕೆಂಪು ಬಣ್ಣ ಬಳಿದದ್ದು. ಆಗ ನಮ್ಮ ಕಡೆ ಅದರದ್ದೇ ಹುಚ್ಚು. ಬೇಸಿಗೆಯಲ್ಲಿ ಕಾಲುವೆ ಒಣಗಿದರೆ ಸಾಕು, ಒಳಗೆ ಇಳಿದು ರೇಸು! ಅಯ್ಯಣ್ಣನಿಗೆ ರೇಸು ಬೇಕಿರಲಿಲ್ಲ. ಹೊಲ, ಹಳ್ಳ, ಕೆಸರು ದಾಟಿ ಕಂಬದ ತನಕ ಹೋಗುವ ಗಾಡಿ ಬೇಕಿತ್ತು.

“ಯಾರು ಮಾರಿದ್ದು?”

“ಕುರುಗೋಡಿನ ಎರ್ರಣ್ಣ. ತಂದು ಎಂಟು ದಿನಕ್ಕ ಹ್ಯಾಂಡಲ್ ಅಲ್ಲಾಡಾಕ ಹತ್ತಿತ್ರಿ. ಇದು ಸರಿ ಇಲ್ಲ, ವಾಪಸ್ ಕೊಟ್ಟು ಬರ್ತೀನಿ ಅಂತ ಹೋದ್ರು...”

ಹೋದವನು ಕುರುಗೋಡು ಮುಟ್ಟಲಿಲ್ಲ.

“ಗಾಡಿ ಈಗ ಎಲ್ಲೈತಿ?”

“ಎಲ್ಲರಿಗಿಂತ ಮೊದ್ಲು ಎರ್ರಣ್ಣನೇ ಬಂದಿದ್ನಂತ. ಅಪಶಕುನದ ಗಾಡಿ, ಗುಜರಿಗೆ ಹಾಕ್ತೀನಿ ಅಂತ ಟ್ರೈಲರ್‌ನಾಗ ಹೇರಿಕೊಂಡು ಹೋದ. ಪೊಲೀಸ್ರು ಬಂದಾಗ ಅಲ್ಲಿ ಇದ್ದದ್ದು ನನ್ನ ಗಂಡ... ಮತ್ತ ಒಂದು ಖಾಲಿ ಬಾಟ್ಲಿ.”

ನನ್ನ ಕಿವಿ ಬಿಸಿಯಾಯಿತು.

“ಅಮ್ಮಾ, ನಿಮಗೇನು ಬೇಕು? ಪರಿಹಾರನಾ?”

“ಅದು ಬಂದ್ರ ಬರ್ಲಿ, ಹೋದ್ರ ಹೋಗ್ಲಿ. ಕುಡುಕ ಅಂತ ಬರದಾರಲ್ಲ... ಅದನ್ನ ಅಳಿಸಬೇಕು.”

ಏಳುವ ಮುಂಚೆ ಒಂದು ಮಾತು ಹೇಳಿದಳು. ಗಾಡಿಯ ಸೀಟು ಹರಿದಿತ್ತಂತೆ. ಅವಳೇ ಹಸಿರು ದಾರದಲ್ಲಿ ಹೊಲಿದಿದ್ದಳಂತೆ, ಒಳಮೈಯಿಂದ.

ಭಾನುವಾರ ಮಧ್ಯಾಹ್ನ ಬಸ್ಸಿಳಿದು ಕುರುಗೋಡಿನ ಗುಡ್ಡದ ಬುಡಕ್ಕೆ ಹೋದೆ. ತಗಡಿನ ಬೇಲಿ. ಒಳಗೆ ಹತ್ತಿಪ್ಪತ್ತು ಹಳೆಯ ಗಾಡಿ. ಗ್ಯಾಸ್ ವೆಲ್ಡಿಂಗ್ ವಾಸನೆ. ಎರ್ರಣ್ಣ ಬಿಳಿ ಪ್ಯಾಂಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಗ್ರೀಸಿನ ನಡುವೆ ಬಿಳಿ ಪ್ಯಾಂಟು! ಅಂಥವನನ್ನು ನಾನು ಮೊದಲೇ ನಂಬುವುದಿಲ್ಲ.

“ಬರ್ರಿ, ಬರ್ರಿ! ಎಂಥಾ ಗಾಡಿ ಬೇಕ್ರಿ?”

“ಡರ್ಟ್ ಬೈಕ್.”

“ಅಯ್ಯೋ, ಒಂದು ತಾಸು ತಡ ಆತು. ಇದ್ದದ್ದೊಂದು ಹೋತು ನೋಡ್ರಿ. ಈ ತಮ್ಮ ತಗೊಂಡ.”

ಕೆಂಪಗಿತ್ತು ಅದು. ಹೊಸ ಬಣ್ಣ ಇನ್ನೂ ಬೆರಳಿಗೆ ಅಂಟುವಷ್ಟು ಹಸಿ. ಅದರ ಮೇಲೆ ಕೂತಿದ್ದವನು ಬಾದನಹಟ್ಟಿಯ ಗಾದೆಪ್ಪ. ಇಪ್ಪತ್ತೈದರ ಗಟ್ಟಿ ಆಳು, ಒಕ್ಕಲುತನದ ಮನೆಯವನು. ಮುಖದ ತುಂಬ ನಗು.

“ಇವತ್ತ ನಾಕಕ್ಕ ನಮ್ಮೂರ ಕಾಲುವ್ಯಾಗ ರೇಸ್ ಐತ್ರಿ,” ಅಂದ. “ಆರಡಿ ದಿಬ್ಬ ಹಾರಿಸ್ತೀನಿ!”

ಆರಡಿ ದಿಬ್ಬ!

“ಒಂಚೂರು ಇಳೀರಿ. ಸೀಟ್ ನೋಡ್ತೀನಿ.”

ಇಳಿದ. ಸೀಟು ಎತ್ತಿದೆ. ಒಳಗೆ ಹಸಿರು ದಾರ... ಒತ್ತೊತ್ತಾಗಿ, ಓರಣವಾಗಿ. ಒಂದು ಹೆಣ್ಣುಮಗಳು ಗಂಡನಿಗಾಗಿ ಕೂತು ಹಾಕಿದ ಹೊಲಿಗೆ.

ಇಪ್ಪತ್ಮೂರೇ ದಿನ. ಒಬ್ಬನನ್ನು ಕೊಂದ ಗಾಡಿಗೆ ಬಣ್ಣ ಬಳಿದು ಇನ್ನೊಬ್ಬನ ಕೈಗೆ ಕೊಡುತ್ತಿದ್ದ. ಸೀಟು ಬದಲಿಸುವಷ್ಟು ಹೆದರಿಕೆಯೂ ಅವನಿಗೆ ಇರಲಿಲ್ಲ!

ಜೇಬಿನಿಂದ ಚಾಕು ತೆಗೆದು ಗಾಡಿಯ ಕತ್ತಿನ ಹತ್ತಿರ ಕೆರೆದೆ. ಬಣ್ಣ ಸುಲಿಯಿತು. ಕೆಳಗೆ ಕಬ್ಬಿಣ ಕಾಣಬೇಕಿತ್ತು. ಬಿರುಕು ಮುಚ್ಚುವ ಪುಟ್ಟಿ ಕಂಡಿತು. ಬಿಸ್ಕತ್ತಿನ ಹಾಗೆ ಉದುರಿತು. ಅದರ ಕೆಳಗೆ ಗಂಟು ಗಂಟಾದ ವೆಲ್ಡಿಂಗ್... ಒಂದರ ಮೇಲೊಂದು, ಎರಡು ಸಲ ಹಾಕಿದ್ದು. ಅಯ್ಯಣ್ಣನಿಗೆ ಮಾರುವಾಗಲೇ ಅದು ಒಮ್ಮೆ ಮುರಿದ ಚಾಸಿ. ಈಗ ಎರಡನೇ ಸಲ ಅಂಟಿಸಿದ್ದ.

“ಏಯ್! ಏನ್ ಮಾಡಾಕ ಹತ್ತೀಯಲೇ ನನ್ನ ಗಾಡಿಗಿ?” ಗಾದೆಪ್ಪ ನನ್ನ ಅಂಗಿ ಹಿಡಿದ.

“ಇದರ ಕತ್ತು ಮುರದೈತಿ ತಮ್ಮಾ. ದಿಬ್ಬ ಹಾರಿಸಿದ್ರ ಮುಂದಿನ ಗಾಲಿ ಒಂದ್ಕಡಿ, ನೀ ಒಂದ್ಕಡಿ.”

“ಸುಳ್ಳು! ಹೊಸಾ ಪೇಂಟ್ ಐತಿ!”

“ಪೇಂಟ್ ಮ್ಯಾಲ ಕೂತು ಹೋಗ್ತೀಯೇನು?”

ಎರ್ರಣ್ಣ ಕುರ್ಚಿಯಿಂದ ಎದ್ದ. ನಗು ಹಾಗೇ ಇತ್ತು. ಕಣ್ಣು ಮಾತ್ರ ಬದಲಾಗಿತ್ತು.

“ಯಾರು ಕಳಿಸ್ಯಾರ ನಿನ್ನ?”

“ಸಿರುಗುಪ್ಪದ ವಿರೂಪಮ್ಮ.”

ನಗು ಹೋಯಿತು.

“ಉಜ್ಜಿನಪ್ಪಾ! ಗೇಟ್ ಹಾಕಲೇ! ಗ್ಯಾಸ್ ಹಚ್ಚು, ಈ ಗಾಡಿ ಕತ್ತರಿಸಿ ಬಿಸಾಕು. ಗಾದೆಪ್ಪಾ, ನಿನಗ ಬ್ಯಾರೆ ಕೊಡ್ತೀನಿ. ಇವನ ಕೈ ಹತ್ತಿದ್ದು ಬ್ಯಾಡ.”

ವೆಲ್ಡರ್ ಉಜ್ಜಿನಪ್ಪ ಗೇಟಿನ ಹತ್ತಿರವೇ ನಿಂತಿದ್ದ. ನನ್ನ ಮುಖ ನೋಡಿದ. ಕೆರೆದ ಕತ್ತು ನೋಡಿದ. ಆ ವೆಲ್ಡಿಂಗ್ ಅವನದೇ... ಗೇಟಿಗೆ ಕೈ ಹಾಕಲು ಎರಡು ಸೆಕೆಂಡ್ ತಡ ಮಾಡಿದ.

ನನಗೆ ಎರಡೇ ಸೆಕೆಂಡ್ ಸಾಕಿತ್ತು!

ಗಾದೆಪ್ಪನನ್ನು ತಳ್ಳಿ ಗಾಡಿ ಹತ್ತಿದೆ. ಕೀ ಅದರಲ್ಲೇ ಇತ್ತು. ಒಂದೇ ಕಿಕ್ಕಿಗೆ ಹೊತ್ತಿಕೊಂಡಿತು. ಎಂಜಿನ್ನಿಗೇನೂ ಆಗಿರಲಿಲ್ಲ ನೋಡಿ. ಕತ್ತಿಲ್ಲದವನಿಗೂ ಎದೆ ಗಟ್ಟಿ ಇರುತ್ತದೆ.

ಹಿಂದೆ ಗಾದೆಪ್ಪನ ಕೂಗು. “ಕಳ್ಳಾ! ನನ್ನ ಗಾಡಿ! ಎರ್ರಣ್ಣ ಮಾಮಾ, ಜೀಪ್ ತೆಗೀರಿ!”

ಹೀಗೆ ಆ ಇಬ್ಬರೂ ಒಂದೇ ಜೀಪಿನಲ್ಲಿ ಕೂತದ್ದು.

ಬಳ್ಳಾರಿಗೆ ಹೋಗಬೇಕೆಂದಿದ್ದೆ. ಪೊಲೀಸರ ಮುಂದೆ ಗಾಡಿ ನಿಲ್ಲಿಸಬೇಕೆಂದಿದ್ದೆ. ಊರು ದಾಟುವಷ್ಟರಲ್ಲಿ ಹ್ಯಾಂಡಲ್ ಒಂದು ಬೆರಳು ಎಡಕ್ಕೆ ಜಗ್ಗಿತು. ಅಷ್ಟು ದೂರ ಈ ಗಾಡಿ ಬರುವುದಿಲ್ಲ ಅಂತ ಗೊತ್ತಾಯಿತು. ದಾರಿಯಲ್ಲಿ ಮುರಿದು ಬಿದ್ದರೆ? ಎರ್ರಣ್ಣನೇ ಮೊದಲು ಮುಟ್ಟುತ್ತಾನೆ. ನನ್ನ ಪಕ್ಕದಲ್ಲೂ ಒಂದು ಖಾಲಿ ಬಾಟ್ಲಿ ಬೀಳುತ್ತದೆ!

ನನಗೆ ಬೇಕಾಗಿದ್ದು ಜನ. ನೋಡುವ ಕಣ್ಣುಗಳು.

ಎಲ್ಲಿವೆ? ಬಾದನಹಟ್ಟಿಯ ಕಾಲುವೆಯಲ್ಲಿ. ನಾಲ್ಕಕ್ಕೆ ರೇಸು!

ದಂಡೆಗೆ ತಿರುಗಿಸಿದೆ.

ಅಲ್ಲಿಂದ ಶುರುವಾಯಿತು ನಾನು ಮೊದಲು ಹೇಳಿದ ಪಾಡು. ಜೋರಾಗಿ ಹೋದರೆ ಗಾಡಿ ಮುರಿಯುತ್ತದೆ. ನಿಧಾನ ಹೋದರೆ ಜೀಪು ನನ್ನನ್ನು ಮುರಿಯುತ್ತದೆ. ಮುಂದಿನ ಬ್ರೇಕ್ ಮುಟ್ಟುವ ಹಾಗಿಲ್ಲ. ಗುಂಡಿ ಬಂದಾಗೆಲ್ಲ ಎದ್ದು ನಿಂತು ಭಾರವನ್ನೆಲ್ಲ ಹಿಂದಿನ ಗಾಲಿಗೆ ಹಾಕುತ್ತಿದ್ದೆ. ‘ಕಟ್’... ‘ಕಟ್’...

ಜೀಪಿನ ಬಂಪರ್ ಹಿಂದಿನ ಮಡ್‌ಗಾರ್ಡಿಗೆ ತಾಗಿತು. ಗಾಡಿ ಹಾವಿನಂತೆ ಹೊರಳಿತು. ಕಾಲು ಊರಿ ಸಾವರಿಸಿಕೊಂಡೆ. ಚಪ್ಪಲಿ ಹೋಯಿತು. ಹಿಮ್ಮಡಿಯ ಚರ್ಮವೂ ಹೋಯಿತು.

“ಮಾಮಾ, ಗಾಡಿಗಿ ಗುದ್ದಬ್ಯಾಡ್ರಿ!” ಗಾದೆಪ್ಪ ಕೂಗುತ್ತಿದ್ದ. ಪಾಪ, ಆಗಲೂ ಅವನ ಜೀವವೆಲ್ಲ ಆ ಗಾಡಿಯ ಮೇಲೆ!

ಎರ್ರಣ್ಣ ಮತ್ತೆ ಗುದ್ದಿದ.

ಅಷ್ಟರಲ್ಲಿ ಎಮ್ಮೆಗಳನ್ನು ಇಳಿಸುವ ಇಳಿಜಾರು ಕಂಡಿತು. ಹ್ಯಾಂಡಲ್ ಅನ್ನು ಮಗುವಿನ ತಲೆಯ ಹಾಗೆ ಹಿಡಿದು ಕಾಲುವೆಯೊಳಗೆ ಇಳಿಸಿಬಿಟ್ಟೆ. ಜೀಪು ಇಳಿಯಲಾರದೆ ದಂಡೆಯ ಮೇಲೇ ನನ್ನ ಜೊತೆ ಓಡತೊಡಗಿತು. ಅರ್ಧ ಮೈಲಿ... ಒಂದು ಮೈಲಿ...

ಮುಂದೆ ಜನ. ಅರವತ್ತು ಎಪ್ಪತ್ತು ಮಂದಿ. ಏಳೆಂಟು ಗಾಡಿ. ನಡುವೆ ಮಣ್ಣಿನ ದಿಬ್ಬ.

ಜನರ ನಡುವೆ ನುಗ್ಗಿ ಎಂಜಿನ್ ಬಂದ್ ಮಾಡಿದೆ. ಇಳಿದು ಗಾಡಿಯನ್ನು ನಿಧಾನವಾಗಿ ಸ್ಟ್ಯಾಂಡಿಗೆ ಹಾಕಿದೆ.

“ಕಳ್ಳ! ಹಿಡೀರಲೇ ಅವನ್ನ!” ಎರ್ರಣ್ಣ ದಂಡೆಯಿಂದ ಕೂಗಿದ.

ಹಿಡಿದರು. ಗಾದೆಪ್ಪ ಓಡಿಬಂದವನೇ ಕೆನ್ನೆಗೆ ಬಾರಿಸಿದ. ಬಾಯಲ್ಲಿ ರಕ್ತದ ರುಚಿ.

“ಇನ್ನೊಂದು ಹೊಡಿ,” ಅಂದೆ. “ಆಮ್ಯಾಲ ಒಂದು ಮಾತು ಕೇಳು. ನಾ ಹೇಳೋದು ನಂಬಬ್ಯಾಡ. ಗಾಡಿ ಚಲೋ ಐತಿ ಅಂತ ಮಾರಿದಾವ ಅಲ್ಲೇ ನಿಂತಾನ. ಅವನ್ನ ಹತ್ತಸು. ಒಂದೇ ಸಲ ಈ ದಿಬ್ಬ ಹಾರಿಸ್ಲಿ. ಹಾರಿಸಿದ್ರ ಗಾಡಿ ನಿಂದು, ನನ್ನ ಕಾಲು ಮುರದು ಕಾಲುವ್ಯಾಗ ಹಾಕು.”

ಜನ ನಕ್ಕರು. “ಹೌದು ಬಿಡ್ರಿ ಎರ್ರಣ್ಣಾ, ಹಾರಿಸಿ ತೋರಸ್ರಿ!”

ಎರ್ರಣ್ಣನೂ ನಕ್ಕ. “ನನಗ ವಯಸ್ಸಾತಲೇ...”

“ಹೋದ ವಾರ ನೀವೇ ಹಾರಿಸಿದ್ರಲ್ಲ, ಬ್ಯಾರೆ ಗಾಡಿ ಮ್ಯಾಲ?” ಯಾರೋ ಅಂದರು.

“ಮೊಣಕಾಲು ನೋಯ್ತೈತಿ.”

“ಈಗ ದಂಡಿ ಇಳದು ಓಡಿ ಬಂದ್ರಿ?”

ನಗು ಕಡಿಮೆಯಾಯಿತು. ಗಾದೆಪ್ಪ ಎರ್ರಣ್ಣನ ಮುಖವನ್ನೇ ನೋಡುತ್ತಿದ್ದ. ದನ ಕೊಳ್ಳುವವನು ಹಲ್ಲು ನೋಡುವ ಹಾಗೆ.

“ಹತ್ರಿ ಮಾಮಾ,” ಅಂದ. ದನಿ ಸಣ್ಣಗಾಗಿತ್ತು. “ಆರಡಿ ಆರಾಮ ಹಾರಿಸ್ತೀ ಅಂದ್ರಲ್ಲ ನನಗ? ಹತ್ರಿ.”

ಎಪ್ಪತ್ತು ಜನ ಸುತ್ತ ನಿಂತಿದ್ದರು. ಎರ್ರಣ್ಣ ಹತ್ತಿದ. ಕಿಕ್ ಹೊಡೆದ. ಹತ್ತು ಗಜ ಹೋದ. ಮುಂದೆ ದಿಬ್ಬ. ಕೆಳಗೆ... ‘ಕಟ್’!

ಕಾಲು ಎರಡನ್ನೂ ನೆಲಕ್ಕೆ ಊರಿಬಿಟ್ಟ. ಬಿಳಿ ಪ್ಯಾಂಟು ಬೆವರಿಗೆ ಅಂಟಿಕೊಂಡಿತ್ತು.

“ಆಗಂಗಿಲ್ಲಲೇ! ಮುರೀತೈತಿ ಇದು! ಎರಡು ಸಲ ಮುರದದ್ದೈತಿ...”

ಆಮೇಲೆ ಬಾಯಿ ಮುಚ್ಚಿಕೊಂಡ. ತಡವಾಗಿತ್ತು.

ನನ್ನ ತೋಳು ಹಿಡಿದಿದ್ದವರು ಕೈ ಬಿಟ್ಟರು.

ನಾನು ಹೋಗಿ ಅವನೆದುರು ನಿಂತೆ. “ಅಯ್ಯಣ್ಣನ ಹತ್ರ ಬಾಟ್ಲಿ ಇಟ್ಟಾವ ಯಾರು?”

ಅವನು ದಂಡೆಯ ಮೇಲಿನ ಜೀಪಿನ ಕಡೆ ನೋಡಿದ. ಗಾದೆಪ್ಪ ಅಂಗೈ ಬಿಚ್ಚಿ ತೋರಿಸಿದ. ಗಾಡಿ ಹತ್ತುವಾಗ ಎರ್ರಣ್ಣನ ಕೈಯಿಂದ ಇಸಿದುಕೊಂಡಿದ್ದ ಜೀಪಿನ ಕೀ ಅದರಲ್ಲಿತ್ತು.

ಆಗ ಹೊಡೆದೆ. ಒಂದೇ ಒಂದು. ಇಪ್ಪತ್ಮೂರು ದಿನ ಊರವರ ಬಾಯಲ್ಲಿ ಕುಡುಕನಾಗಿದ್ದ ಒಬ್ಬ ಲೈನ್‌ಮನ್‌ನ ಹೆಸರಲ್ಲಿ. ಎರಡನೆಯದಕ್ಕೆ ಕೈ ಎತ್ತಿದ್ದೆ, ಗಾದೆಪ್ಪ ತಡೆದ.

“ಬಿಡ್ರಿ ಅಣ್ಣಾ. ಉಳದದ್ದು ನನಗ ಇರಲಿ.”

ಅವನು ಹೊಡೆಯಲಿಲ್ಲ. ದಿಬ್ಬದ ಮೇಲೆ ಕೂತು ಮಂಡಿಯಲ್ಲಿ ಮುಖ ಇಟ್ಟುಕೊಂಡ. ಸ್ವಲ್ಪ ಹೊತ್ತು ಅವನ ಬೆನ್ನು ಅಲುಗುತ್ತಿತ್ತು.

ಸಂಜೆ ಅದೇ ಜೀಪಿನಲ್ಲಿ ಎರ್ರಣ್ಣನನ್ನೂ, ಹಿಂದೆ ಟ್ರ್ಯಾಕ್ಟರಿನಲ್ಲಿ ಗಾಡಿಯನ್ನೂ ಠಾಣೆಗೆ ಒಯ್ದೆವು. ಮಾರನೆಯ ದಿನ ಉಜ್ಜಿನಪ್ಪ ತಾನಾಗಿಯೇ ಠಾಣೆಗೆ ಬಂದ. ಬಾಟ್ಲಿ ತಂದುಕೊಟ್ಟದ್ದು ತಾನೇ, ಇಟ್ಟದ್ದು ಎರ್ರಣ್ಣ ಅಂತ ಬರೆಸಿದ. ನಿದ್ದೆ ಬರುತ್ತಿರಲಿಲ್ಲವಂತೆ.

ಹೊಸ ವರದಿ ಬಂದ ದಿನ ವಿರೂಪಮ್ಮ ಸಿರುಗುಪ್ಪದಿಂದ ತನ್ನ ಓಣಿಯ ಎಂಟು ಜನರನ್ನು ಠಾಣೆಗೆ ಕರೆದುಕೊಂಡು ಬಂದಿದ್ದಳು. ಗಂಡನನ್ನು ಕುಡುಕ ಅಂದಿದ್ದವರನ್ನೇ ಆರಿಸಿ ತಂದಿದ್ದಳು!

ಬರೆಯುವ ಪೊಲೀಸಿನವನು ಕಾಗದ ಮುಂದೆ ಮಾಡಿದ. “ತಗೋರಿ, ಸರಿ ಮಾಡೀವಿ.”

“ಓದ್ರಿ,” ಅಂದಳು.

ಅವನು ತುಟಿಯೊಳಗೇ ಓದತೊಡಗಿದ.

“ಜೋರಾಗಿ ಓದ್ರಿ! ಕುಡುಕ ಅಂತ ಹೇಳೂವಾಗ ಜೋರಾಗೇ ಹೇಳಿದ್ರಿ!”

ಅವನು ಎದ್ದು ನಿಂತು ಓದಿದ. ಮೃತನು ಮದ್ಯಪಾನ ಮಾಡಿರಲಿಲ್ಲ. ಎಂಟು ಜನವೂ ನೆಲ ನೋಡಿದರು. ವಿರೂಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಹೊರಗೆ ಹೋಗಿ ಬೀಡಿ ಹಚ್ಚಿದೆ. ಒಳಗೆ ನಿಲ್ಲಲಾಗಲಿಲ್ಲ.

ಎರ್ರಣ್ಣನಿಗೆ ಜಾಮೀನು ಸಿಕ್ಕಿದೆ. ಕೇಸು ನಡೆಯುತ್ತಲೇ ಇದೆ. ಜೀಪು ಮಾರಿಬಿಟ್ಟು, ಕೋರ್ಟಿನ ವಾಯಿದೆಗೆ ಬಳ್ಳಾರಿಗೆ ಬಸ್ಸಿನಲ್ಲೇ ಬರುತ್ತಾನೆ. ಹತ್ತುವ ಮುಂಚೆ ಪ್ರತಿ ಸಲ ಕಂಡಕ್ಟರನ್ನು ಕೇಳುತ್ತಾನಂತೆ...

“ಗಾಡಿ ಹೊಸಾದು ಐತಿಲ್ರಿ?”