ಎಡಕ್ಕಿಟ್ಟು ಸುತ್ತಿದ ಬೆಟ್ಟ

ಸ್ವೀಡನ್ನಿನ ಮಾಲ್ಮೋದಿಂದ ಒಂದು ಗಂಟೆ ದೂರದಲ್ಲಿ, ಎಂದೋ ತಣ್ಣಗಾದ ಜ್ವಾಲಾಮುಖಿಯ ಬೆಟ್ಟವಿದೆ. ಅದನ್ನು ಸುತ್ತಿ ಓಡಲು ಇರುವುದು ಒಂದೇ ದಾರಿ. ಹೊಸ ಹಿಮ ಬಿದ್ದಿದ್ದ ಬೆಳಿಗ್ಗೆ ನನ್ನ ಗಂಡ ಸುದರ್ಶನ್ ಬೆಟ್ಟವನ್ನು ಎಡಕ್ಕಿಟ್ಟುಕೊಂಡು ಹೊರಟರು.

“ರೀ, ಎಡಕ್ಕಿಟ್ಕೊಂಡು ಸುತ್ತೋದು ಚಿತೆಗೆ,” ಎಂದೆ.

“ಸತ್ತಿರೋ ಬೆಟ್ಟ ತಾನೇ? ನೀನು ಪ್ರದಕ್ಷಿಣೆ ಹಾಕು ಮಹಾತಾಯಿ, ಮಧ್ಯದಲ್ಲಿ ಸಿಗೋಣ!”

ನಾನು ಕೈಮುಗಿದು, ಬೆಟ್ಟವನ್ನು ಬಲಕ್ಕಿಟ್ಟುಕೊಂಡು ಓಡಿದೆ. ಇಡೀ ಸುತ್ತಿನಲ್ಲಿ ಎದುರಿಗೆ ಯಾರೂ ಬರಲಿಲ್ಲ. ಹಿಮದ ಮೇಲೆ ಅವರ ಹೆಜ್ಜೆಗುರುತೂ ಇರಲಿಲ್ಲ. ಗಾಬರಿಯಿಂದ ಹೊರಟ ಜಾಗಕ್ಕೆ ಬಂದರೆ, ಅವರು ಕಾರಿಗೊರಗಿ ನಿಂತಿದ್ದರು.

“ಅಷ್ಟೊತ್ತು ನನ್ನ ಬಲಗೈ ಹಿಡ್ಕೊಂಡು ಓಡ್ದೆ, ಒಂದು ಮಾತೂ ಆಡ್ಲಿಲ್ವಲ್ಲೇ? ಗ್ಲೌಸ್ ಹಾಕಿದ್ರೂ ಎಷ್ಟು ಬಿಸಿ ನಿನ್ನ ಕೈ!”

ದೇವರ ಹೆಸರು ಹೇಳಿಕೊಂಡು ಅವರ ಬಲಗೈ ಹಿಡಿದೆ.

ಅದಾಗಿ ಮೂರು ಚಳಿಗಾಲ ಕಳೆದಿವೆ. ಅವರ ಎಡಗೈ ಎಲ್ಲರಂತೆ ಮರಗಟ್ಟುತ್ತದೆ. ಬಲಗೈಗೆ ಮಾತ್ರ ಅವರು ಗ್ಲೌಸ್ ಹಾಕುವುದಿಲ್ಲ.