ಲೇಡೀಸ್ ಸೀಟ್

ಕಳೆದ ಡಿಸೆಂಬರಿನ ಮಾತು. ಕಾಲು ಮುರಿದು ನಾಲ್ಕು ತಿಂಗಳಾದ ಮೇಲೆ ನನ್ನ ಹೆಂಡತಿ ಮೂಕಾಂಬಿಕಾ ಕೋಲಿಲ್ಲದೆ ನಡೆಯಲು ಹೊರಟ ಮೊದಲ ಬೆಳಿಗ್ಗೆ ಅದು. ಹೊಸನಗರದಾಚೆ, ಹೊಳೆದಂಡೆಯ ಹಳೇ ಕೋಟೆಯ ಪಾರ್ಕಿನಲ್ಲಿ ಒಂದು ಸುತ್ತು ಮುಗಿಸಲೇಬೇಕೆಂದು ಅವಳ ಹಟ. ಇಬ್ಬನಿಗೆ ಕಲ್ಲುಬೆಂಚುಗಳೆಲ್ಲ ಒದ್ದೆಯಾಗಿದ್ದವು. ನಮ್ಮಿಬ್ಬರ ಹೊರತು ಅಲ್ಲಿ ಯಾರೂ ಇರಲಿಲ್ಲ.

ಮೊದಲ ಬೆಂಚಿನ ಬಳಿ ಅವಳಿಗೆ ಸುಸ್ತಾಯಿತು. ನಾನು ಬಸ್ ಕಂಡಕ್ಟರನ ದನಿ ತೆಗೆದು ಖಾಲಿ ಬೆಂಚಿಗೆ ಗದರಿದೆ: "ಲೇಡೀಸ್ ಸೀಟ್ ಕಣ್ರೀ, ಏಳ್ರೀ ಮೇಲೆ!"

ಅವಳು ನಗುತ್ತಲೇ ಕೂತು, "ರೀ, ಇಲ್ಲಿ ಒಣಗಿದೆ. ಬೆಚ್ಚಗೂ ಇದೆ," ಎಂದಳು. ಮುಟ್ಟಿ ನೋಡಿದೆ. ಈಗಷ್ಟೇ ಯಾರೋ ಎದ್ದು ಹೋದ ಹಾಗೆ, ಒಬ್ಬರು ಕೂರುವಷ್ಟು ಜಾಗ ಮಾತ್ರ.

ಎರಡನೇ ಬೆಂಚಿನ ಹತ್ತಿರ ನಾನು ತುಟಿ ಬಿಚ್ಚಲಿಲ್ಲ. ಅಲ್ಲೂ ಒಬ್ಬರಷ್ಟು ಜಾಗ ಒಣಗಿ ಬೆಚ್ಚಗಿತ್ತು. ಮೂರನೆಯದರಲ್ಲೂ ಅಷ್ಟೇ.

"ಯಾರೋ ಪುಣ್ಯಾತ್ಮರು ಕಣ್ರೀ," ಎಂದು ಅವಳು ಆರಾಮಾಗಿ ಕಾಲು ನೀವಿಕೊಂಡಳು. "ನಿಮ್ ಹಾಗೆ ಬಸ್ಸಲ್ಲಿ ಕಿಟಕಿ ಪಕ್ಕದ ಸೀಟ್ ಹಿಡ್ಕೊಂಡು ಕೂರೋರಲ್ಲ."

ಗೇಟಿನ ಹತ್ತಿರದ ಕೊನೆಯ ಬೆಂಚಿಗೆ ಬರುವಾಗ ಅವಳ ಕಾಲು ಗಟ್ಟಿಯಾಗಿತ್ತು, ನಡುಗುತ್ತಿದ್ದುದು ನನ್ನದು. ಆ ಬೆಂಚಿನಲ್ಲಿ ಇಬ್ಬರು ಕೂರುವಷ್ಟು ಜಾಗ ಒಣಗಿತ್ತು.